ಪತ್ರದಲ್ಲಿ ಮೂವತ್ತೊಂದು ಲಕ್ಷ, ಕೈಯಲ್ಲಿ ಎಷ್ಟು? ತುಮಕೂರಿನ ಒಂದು ಸ್ವಯಂ ನಿವೃತ್ತಿ ಪ್ರಕರಣ

ಪತ್ರದ ಕೊನೆಯ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿದ್ದ ಮೊತ್ತ 31,29,500 ರೂಪಾಯಿ. ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಟರ್ನರ್ (ಲೇತ್ ಯಂತ್ರ ನಡೆಸುವವರು) ಆಗಿ ದುಡಿದವರೊಬ್ಬರಿಗೆ 2025ರ ಫೆಬ್ರುವರಿಯಲ್ಲಿ ಈ ಪತ್ರ ಬಂತು. ಸ್ವಯಂ ನಿವೃತ್ತಿಗೆ ಒಪ್ಪಿದರೆ ಇಷ್ಟು ಸಿಗುತ್ತದೆ ಎಂಬುದು ಅದರ ಸಾರ. ಒಂದೇ ವಾರದಲ್ಲಿ ಬಂಧುಬಳಗದಲ್ಲೆಲ್ಲ ಮೂವತ್ತೊಂದು ಲಕ್ಷದ ಮಾತು ಹಬ್ಬಿತು. ಕ್ಯಾತಸಂದ್ರದ ಆಚೆ ಸೈಟು ತೋರಿಸುವವರು ಬಂದರು, ವಿಮೆ ಏಜೆಂಟರು ಬಂದರು, ಕೈಸಾಲ ಕೇಳುವವರೂ ಬಂದರು. ಆ ಮೊತ್ತದಲ್ಲಿ ನಿಜವಾಗಿ ಬ್ಯಾಂಕ್ ಖಾತೆಗೆ ಬರುವುದೆಷ್ಟು ಎಂದು ಯಾರೂ ಕೂತು ಲೆಕ್ಕ ಹಾಕಿರಲಿಲ್ಲ.

ಸಂಬಳದಾರರ ತೆರಿಗೆ ಲೆಕ್ಕ ಬರೆದುಕೊಡುವುದು ನನ್ನ ವೃತ್ತಿ. ಗಂಡ ಹೆಂಡತಿ ಇಬ್ಬರೂ ಪತ್ರ, ಹನ್ನೆರಡು ತಿಂಗಳ ಸಂಬಳದ ಚೀಟಿ, ಪಿಎಫ್ ಪಾಸ್‌ಬುಕ್ಕಿನ ಮುದ್ರಿತ ಪ್ರತಿ ಹಿಡಿದು ಬಂದಿದ್ದರು. ಅವರ ಒಪ್ಪಿಗೆ ಪಡೆದೇ ಈ ಲೆಕ್ಕವನ್ನು ಬರೆಯುತ್ತಿದ್ದೇನೆ. ಹೆಸರು, ಕಾರ್ಖಾನೆ ಹೇಳುವುದಿಲ್ಲ; ಸಂಖ್ಯೆಗಳನ್ನು ಓದಲು ಅನುಕೂಲವಾಗುವಂತೆ ಸ್ವಲ್ಪ ದುಂಡಾಗಿಸಿದ್ದೇನೆ, ಲೆಕ್ಕದ ದಾರಿ ಮಾತ್ರ ಇದ್ದದ್ದು ಇದ್ದಂತೆಯೇ ಇದೆ.

ಪತ್ರವನ್ನು ಮೇಜಿನ ಮೇಲಿಟ್ಟ ಕೂಡಲೇ ಅವರ ಹೆಂಡತಿ ಕೇಳಿದ ಪ್ರಶ್ನೆಯೇ ಇಡೀ ಪ್ರಕರಣದ ತಿರುಳು. "ಅಣ್ಣಾ, ಇದರಲ್ಲಿ ಈಗಾಗಲೇ ನಮ್ಮದೇ ಆಗಿರುವ ದುಡ್ಡು ಎಷ್ಟು? ಸಹಿ ಹಾಕಿದ್ದಕ್ಕೆ ಅವರು ಕೊಡುವ ದುಡ್ಡು ಎಷ್ಟು?"

ಈ ಜಿಲ್ಲೆಗೆ ಸ್ವಯಂ ನಿವೃತ್ತಿ ಹೊಸದೇನಲ್ಲ. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪನಿ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಾಗ ತುಮಕೂರಿನ ಕೈಗಡಿಯಾರ ಕಾರ್ಖಾನೆಯ ಕಥೆಯೂ ಮುಗಿಯಿತು. 2020ರ ಜನವರಿ 31ರಂದು ದೇಶದಾದ್ಯಂತ ಬಿಎಸ್‌ಎನ್‌ಎಲ್‌ನ 78,000ಕ್ಕೂ ಹೆಚ್ಚು ನೌಕರರು ಒಂದೇ ದಿನ ಸ್ವಯಂ ನಿವೃತ್ತರಾದರು. ಆದರೂ ಪ್ರತಿ ಸಲ ಜನ ಕೇಳುವುದು ಒಟ್ಟು ಮೊತ್ತವನ್ನೇ. ಆ ಮೊತ್ತವನ್ನು ಬಿಡಿಸಿ ನೋಡುವ ರೂಢಿ ಇನ್ನೂ ಬಂದಿಲ್ಲ. ಅದಕ್ಕಾಗಿಯೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಸಂಗತಿಗಳು

ಕೆಲಸಕ್ಕೆ ಸೇರಿದ್ದು 1998ರ ಆಗಸ್ಟ್ 1. ಹುಟ್ಟಿದ್ದು 1973ರ ಜೂನ್‌ನಲ್ಲಿ, ಹಾಗಾಗಿ 58 ತುಂಬಿ ನಿವೃತ್ತಿಯಾಗಬೇಕಿದ್ದದ್ದು 2031ರ ಜೂನ್ 30ಕ್ಕೆ. ಮೂಲ ವೇತನ 24,500, ತುಟ್ಟಿಭತ್ಯೆ 14,500, ಎರಡೂ ಸೇರಿ 39,000 ರೂಪಾಯಿ. ಮನೆ ಬಾಡಿಗೆ ಭತ್ಯೆ 6,000 ಮತ್ತು ಇತರ ಭತ್ಯೆ 4,000 ಸೇರಿದರೆ ತಿಂಗಳ ಒಟ್ಟು ಸಂಬಳ 49,000. ಪಿಎಫ್ 4,680 ಮತ್ತು ವೃತ್ತಿ ತೆರಿಗೆ 200 ಕಳೆದು ಕೈಗೆ ಬರುತ್ತಿದ್ದದ್ದು 44,120. ಹಬ್ಬದ ಸಮಯದ 12,000 ಸೇರಿಸಿದರೆ ವರ್ಷದ ಸಂಬಳ ಸರಿಯಾಗಿ ಆರು ಲಕ್ಷ.

ಪತ್ರದಲ್ಲಿ ನಾಲ್ಕು ಬಾಬತ್ತುಗಳಿದ್ದವು. ಸ್ವಯಂ ನಿವೃತ್ತಿ ಪರಿಹಾರ 13,78,000. ಗ್ರಾಚ್ಯುಟಿ, ಅಂದರೆ ಸೇವೆಯ ವರ್ಷಗಳಿಗೆ ತಕ್ಕಂತೆ ಕೆಲಸ ಬಿಡುವಾಗ ಕೊಡುವ ಹಣ, 6,07,500. ಬಾಕಿ ಇದ್ದ 160 ದಿನಗಳ ಗಳಿಕೆ ರಜೆಯ ನಗದೀಕರಣ 2,08,000. ಪಿಎಫ್ ಖಾತೆಯಲ್ಲಿರುವ ಹಣ 9,36,000.

ಹೆಂಡತಿಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಪಿಎಫ್ ಅವರ ಹೆಸರಿನ ಖಾತೆಯಲ್ಲೇ ಇರುವ ಹಣ. ಕಾರ್ಖಾನೆ ಅದನ್ನು ಕೊಡುತ್ತಿಲ್ಲ. ಐದು ವರ್ಷಕ್ಕೆ ಮೀರಿ ಸೇವೆ ಮಾಡಿದವರು ಮಾಮೂಲಿ ರಾಜೀನಾಮೆ ಕೊಟ್ಟರೂ ಗ್ರಾಚ್ಯುಟಿ ಕೊಡಲೇಬೇಕು. ರಜೆಯ ಹಣವೂ ದುಡಿದು ಗಳಿಸಿದ್ದು. ಈ ಮೂರೂ ಸೇರಿ 17,51,500 ರೂಪಾಯಿ. ಇದು ಪತ್ರ ಬರುವ ಮೊದಲೂ ಅವರದೇ, ಪತ್ರವನ್ನು ಹರಿದು ಹಾಕಿದರೂ ಅವರದೇ. ಆರು ವರ್ಷದ ನೌಕರಿಯನ್ನು ಬಿಟ್ಟುಕೊಡುವುದಕ್ಕೆ ಕಾರ್ಖಾನೆ ಕಟ್ಟಿದ ಬೆಲೆ 13,78,000 ಮಾತ್ರ. ನಾನು ಪತ್ರದ ಮೇಲೆ ಒಂದು ಅಡ್ಡಗೆರೆ ಎಳೆದು ಮೇಲೆ ಒಂದು ಬಾಬತ್ತು, ಕೆಳಗೆ ಮೂರು ಬಾಬತ್ತು ಬರೆದೆ. ಅವರು ಆ ಗೆರೆಯನ್ನೇ ಬಹಳ ಹೊತ್ತು ನೋಡಿದರು. "ಹಾಗಾದರೆ ಮೂವತ್ತೊಂದು ಲಕ್ಷ ಎಂದು ಯಾಕೆ ಬರೆದಿದ್ದಾರೆ ಸಾರ್?" ಎಂದರು. ದೊಡ್ಡ ಮೊತ್ತ ಕಂಡರೆ ಬೇಗ ಸಹಿ ಬೀಳುತ್ತದೆ ಎಂಬುದಲ್ಲದೆ ನನಗೆ ಬೇರೆ ಕಾರಣ ಕಾಣುವುದಿಲ್ಲ.

ಮೂವತ್ತೋ ಇಪ್ಪತ್ತಾರೋ

ಪರಿಹಾರದ ಸೂತ್ರ ಸಾರ್ವಜನಿಕ ವಲಯದ ಸಂಸ್ಥೆಗಳಲ್ಲಿ ಬಳಕೆಯಲ್ಲಿರುವ ಗುಜರಾತ್ ಮಾದರಿಯದು. ಪೂರ್ಣಗೊಂಡ ಪ್ರತಿ ವರ್ಷದ ಸೇವೆಗೆ 35 ದಿನಗಳ ವೇತನ, ನಿವೃತ್ತಿಗೆ ಉಳಿದಿರುವ ಪ್ರತಿ ವರ್ಷಕ್ಕೆ 25 ದಿನಗಳ ವೇತನ. ಬಿಎಸ್‌ಎನ್‌ಎಲ್ ಯೋಜನೆಯಲ್ಲೂ ಇದೇ ಸೂತ್ರ ಇತ್ತು. ಇವರಿಗೆ ಪೂರ್ಣಗೊಂಡ ಸೇವೆ 26 ವರ್ಷ, ಅಂದರೆ 910 ದಿನ. ಉಳಿದ ಸೇವೆ ಪೂರ್ಣ ಲೆಕ್ಕದಲ್ಲಿ 6 ವರ್ಷ, ಅಂದರೆ 150 ದಿನ. ಒಟ್ಟು 1,060 ದಿನಗಳ ವೇತನ.

ಒಂದು ದಿನದ ವೇತನ ಎಷ್ಟು ಎಂಬಲ್ಲಿ ಎಲ್ಲರೂ ಎಡವುತ್ತಾರೆ. ಗ್ರಾಚ್ಯುಟಿ ಲೆಕ್ಕಕ್ಕೆ ಕಾನೂನೇ ದಾರಿ ಹಾಕಿಕೊಟ್ಟಿದೆ: ತಿಂಗಳ ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಬೇಕು. 39,000ವನ್ನು 26ರಿಂದ ಭಾಗಿಸಿದರೆ ದಿನಕ್ಕೆ 1,500. ಆರು ತಿಂಗಳಿಗೆ ಮೀರಿದ ಭಾಗ ಪೂರ್ಣ ವರ್ಷ ಎನಿಸುವುದರಿಂದ 26 ವರ್ಷ 8 ತಿಂಗಳ ಸೇವೆ ಗ್ರಾಚ್ಯುಟಿಗೆ 27 ವರ್ಷವಾಗುತ್ತದೆ. 1,500, 15 ಮತ್ತು 27ರ ಗುಣಲಬ್ಧ 6,07,500. ಪತ್ರದಲ್ಲಿದ್ದ ಸಂಖ್ಯೆ ಸರಿಯಾಗಿಯೇ ಇತ್ತು.

ಸ್ವಯಂ ನಿವೃತ್ತಿ ಪರಿಹಾರಕ್ಕೆ ಮಾತ್ರ ಅಂಥ ಕಾನೂನಿನ ಭಾಜಕ ಇಲ್ಲ. ಯೋಜನೆಯ ದಾಖಲೆಯಲ್ಲಿ ಏನು ಬರೆದಿದೆಯೋ ಅದೇ ಅಂತಿಮ. ಇಲ್ಲಿ ನಾಲ್ಕನೆಯ ಪುಟದ ಕೆಳಭಾಗದಲ್ಲಿ 'ಮಾಸಿಕ ವೇತನವನ್ನು 30ರಿಂದ ಭಾಗಿಸಿ' ಎಂದಿತ್ತು. ದಿನದ ವೇತನ 1,300ಕ್ಕೆ ಇಳಿಯಿತು, 1,060 ದಿನಕ್ಕೆ 13,78,000 ಆಯಿತು. 26ರಿಂದ ಭಾಗಿಸಿದ್ದರೆ 15,90,000 ಆಗುತ್ತಿತ್ತು. ಒಂದೇ ಒಂದು ಅಂಕಿಯಿಂದ 2,12,000 ರೂಪಾಯಿ ವ್ಯತ್ಯಾಸ. ಕಾರ್ಖಾನೆಯೊಳಗೆ ಬಹುತೇಕರು 26ರ ಲೆಕ್ಕವನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು, ಏಕೆಂದರೆ ಅವರಿಗೆ ಪರಿಚಿತವಾಗಿದ್ದದ್ದು ಗ್ರಾಚ್ಯುಟಿ. ಸಂಘದವರು ಆಡಳಿತದ ಮುಂದೆ ಈ ವಿಷಯ ಎತ್ತಿದರು. ಆಡಳಿತ 30ರಿಂದ ಕದಲಲಿಲ್ಲ. ಈ ಮಾತು ಯೋಜನೆ ಪ್ರಕಟವಾಗುವ ಮೊದಲೇ, ಮಾತುಕತೆಯ ಮೇಜಿನಲ್ಲೇ ಬರಬೇಕಿತ್ತು. ಪ್ರಕಟವಾದ ಮೇಲೆ ಒಬ್ಬೊಬ್ಬರೇ ಕೇಳಿ ಪ್ರಯೋಜನವಿಲ್ಲ.

ತೆರಿಗೆ ಎಲ್ಲಿ ತಟ್ಟುತ್ತದೆ

ಗೆರೆಯ ಕೆಳಗಿನ ಮೂರು ಬಾಬತ್ತುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗ್ರಾಚ್ಯುಟಿ ಕಾಯ್ದೆಯ ಸೂತ್ರದಂತೆ ಬಂದ ಹಣಕ್ಕೆ 20 ಲಕ್ಷದವರೆಗೆ ತೆರಿಗೆ ಇಲ್ಲ. ನಿವೃತ್ತಿಯ ವೇಳೆಯ ರಜೆ ನಗದೀಕರಣಕ್ಕೆ ಖಾಸಗಿ ನೌಕರರಿಗಿದ್ದ 3 ಲಕ್ಷದ ಮಿತಿ 2023ರ ಏಪ್ರಿಲ್‌ನಿಂದ 25 ಲಕ್ಷಕ್ಕೆ ಏರಿದೆ. ಹತ್ತು ತಿಂಗಳ ಸರಾಸರಿ ವೇತನವನ್ನು ಮೀರಬಾರದು ಎಂಬ ಷರತ್ತೂ ಇದೆ. ಇವರ 2,08,000 ಎರಡರ ಒಳಗೂ ಆರಾಮವಾಗಿ ಕೂರುತ್ತದೆ. ಐದು ವರ್ಷ ಮೀರಿದ ಸೇವೆಯ ಪಿಎಫ್ ಹಣಕ್ಕೂ ತೆರಿಗೆ ಇಲ್ಲ.

ಉಳಿದದ್ದು ಪರಿಹಾರದ ಹಣ. ಆಗಿನ ಆದಾಯ ತೆರಿಗೆ ಕಾಯ್ದೆಯ ಕಲಂ 10(10ಸಿ) ಪ್ರಕಾರ ಇದರಲ್ಲಿ 5 ಲಕ್ಷದವರೆಗೆ ವಿನಾಯಿತಿ. ಹೊಸ ತೆರಿಗೆ ಪದ್ಧತಿಯಲ್ಲೂ ಈ ವಿನಾಯಿತಿ ಉಂಟು. ಇಲ್ಲ ಎಂದು ಇವರಿಗೆ ಯಾರೋ ಹೇಳಿ ಹೆದರಿಸಿದ್ದರು. ಆದರೆ ಇದು ಜೀವಮಾನದಲ್ಲಿ ಒಂದೇ ಸಲ ಸಿಗುವ ವಿನಾಯಿತಿ, ಜೊತೆಗೆ ಯೋಜನೆ ಆದಾಯ ತೆರಿಗೆ ನಿಯಮ 2ಬಿಎಗೆ ಹೊಂದಿರಬೇಕು. ನೌಕರ ಹತ್ತು ವರ್ಷ ಸೇವೆ ಮಾಡಿರಬೇಕು ಅಥವಾ 40 ವರ್ಷ ತುಂಬಿರಬೇಕು. ಒಟ್ಟು ನೌಕರರ ಸಂಖ್ಯೆ ಇಳಿಯುವಂತೆ ಯೋಜನೆ ಇರಬೇಕು, ತೆರವಾದ ಜಾಗಕ್ಕೆ ಬೇರೆಯವರನ್ನು ತುಂಬಬಾರದು. ಪರಿಹಾರವು ಪ್ರತಿ ಸೇವಾ ವರ್ಷಕ್ಕೆ ಮೂರು ತಿಂಗಳ ವೇತನ ಅಥವಾ ಉಳಿದ ತಿಂಗಳುಗಳ ವೇತನ ಎಂಬ ಮಿತಿಗೆ ಒಳಪಟ್ಟಿರಬೇಕು. ಇವರಿಗೆ ಮೊದಲನೆಯ ಮಿತಿ 30,42,000, ಎರಡನೆಯದೂ 28 ಲಕ್ಷಕ್ಕಿಂತ ಹೆಚ್ಚು. 13,78,000 ಯಾವುದರ ಹತ್ತಿರವೂ ಹೋಗುವುದಿಲ್ಲ.

ಇನ್ನೊಂದು ಷರತ್ತಿನ ಮೇಲೆ ನಾನು ಬೆರಳಿಟ್ಟು ಎರಡು ಸಲ ಓದಿದೆ. ಹೀಗೆ ನಿವೃತ್ತರಾದವರನ್ನು ಅದೇ ಆಡಳಿತಕ್ಕೆ ಸೇರಿದ ಮತ್ತೊಂದು ಕಂಪನಿಯಲ್ಲಿ ನೇಮಿಸಿಕೊಳ್ಳುವಂತಿಲ್ಲ. ಇವರ ವಿಭಾಗದ ಮೇಲಧಿಕಾರಿ "ಮೊದಲು ಬಿಡಿ, ಜೂನ್‌ನಲ್ಲಿ ನಮ್ಮ ಇನ್ನೊಂದು ಘಟಕಕ್ಕೆ ಕರೆಸಿಕೊಳ್ಳುತ್ತೇವೆ" ಎಂದು ಬಾಯಿಮಾತಿನಲ್ಲಿ ಭರವಸೆ ಕೊಟ್ಟಿದ್ದರು. ಆ ಭರವಸೆ ಈಡೇರಿದರೆ 5 ಲಕ್ಷದ ವಿನಾಯಿತಿಯೇ ಪ್ರಶ್ನೆಗೆ ಒಳಗಾಗುತ್ತದೆ. ಆ ಆಸೆಯನ್ನು ಅಂದೇ ಬಿಡಿಸಿದೆ.

ವಿನಾಯಿತಿ ಕಳೆದು ತೆರಿಗೆಗೆ ಒಳಪಡುವ ಪರಿಹಾರ 8,78,000. ಇದು ಆ ವರ್ಷದ ಸಂಬಳದ ಜೊತೆ ಸೇರುತ್ತದೆ. ಆ ವರ್ಷ ಯಾವುದು ಎಂಬುದರ ಮೇಲೆಯೇ ಮುಂದಿನದೆಲ್ಲ ನಿಂತಿದೆ.

ಮಾರ್ಚ್ 31, ಏಪ್ರಿಲ್ 30

ಕಾರ್ಖಾನೆಗೆ ಎಲ್ಲರನ್ನೂ ಆರ್ಥಿಕ ವರ್ಷದ ಕೊನೆಯೊಳಗೆ ಬಿಡುಗಡೆ ಮಾಡಿ ಲೆಕ್ಕ ಮುಗಿಸುವ ಅವಸರ. ಅರ್ಜಿ ನಮೂನೆಯಲ್ಲಿ ಬಿಡುಗಡೆ ದಿನಾಂಕದ ಜಾಗದಲ್ಲಿ 31-03-2025 ಎಂದು ಮೊದಲೇ ಅಚ್ಚಾಗಿತ್ತು. ಅದರಂತೆ ನಡೆದಿದ್ದರೆ ಲೆಕ್ಕ ಹೀಗಾಗುತ್ತಿತ್ತು. 2024-25ರ ಪೂರ್ತಿ ವರ್ಷದ ಸಂಬಳ 6,00,000. ಅದಕ್ಕೆ 8,78,000 ಸೇರಿ 14,78,000. ಸಂಬಳದಾರರಿಗೆ ಸಿಗುವ ಪ್ರಮಾಣಿತ ಕಡಿತ (ಸ್ಟ್ಯಾಂಡರ್ಡ್ ಡಿಡಕ್ಷನ್) 75,000 ಕಳೆದರೆ 14,03,000. ಆ ವರ್ಷದ ಹೊಸ ಪದ್ಧತಿಯ ದರದಲ್ಲಿ 3ರಿಂದ 7 ಲಕ್ಷದವರೆಗೆ ಶೇ 5ರಂತೆ 20,000, 7ರಿಂದ 10ರವರೆಗೆ ಶೇ 10ರಂತೆ 30,000, 10ರಿಂದ 12ರವರೆಗೆ ಶೇ 15ರಂತೆ 30,000, ಉಳಿದ 2,03,000ಕ್ಕೆ ಶೇ 20ರಂತೆ 40,600. ಒಟ್ಟು 1,20,600, ಶೇ 4ರ ಸೆಸ್ ಸೇರಿ 1,25,424 ರೂಪಾಯಿ. ಹಳೆಯ ಪದ್ಧತಿಯಲ್ಲಿ ಉಳಿತಾಯದ ಒಂದೂವರೆ ಲಕ್ಷ ಕಳೆದು ನೋಡಿದರೂ ಎರಡು ಲಕ್ಷ ದಾಟುತ್ತಿತ್ತು, ಹಾಗಾಗಿ ಅದನ್ನು ಬದಿಗಿಟ್ಟೆವು. ಬರೀ ಸಂಬಳವಿದ್ದ ಹಿಂದಿನ ವರ್ಷಗಳಲ್ಲಿ ಇವರು ತೆರಿಗೆ ಕಟ್ಟುವ ಪ್ರಮೇಯವೇ ಬಂದಿರಲಿಲ್ಲ.

ಈಗ ಒಂದೇ ತಿಂಗಳು ಮುಂದಕ್ಕೆ ಹೋಗೋಣ. ಬಿಡುಗಡೆ ಏಪ್ರಿಲ್ 30ಕ್ಕೆ ಆದರೆ ಪರಿಹಾರ 2025-26ರ ಆದಾಯಕ್ಕೆ ಸೇರುತ್ತದೆ. ಆ ವರ್ಷದ ಸಂಬಳ ಏಪ್ರಿಲ್ ಒಂದೇ ತಿಂಗಳದು, 49,000. ಅದಕ್ಕೆ 8,78,000 ಸೇರಿ 9,27,000, ಪ್ರಮಾಣಿತ ಕಡಿತ ಕಳೆದು 8,52,000. ಫೆಬ್ರುವರಿ 1ರ ಬಜೆಟ್‌ನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಹೊಸ ಪದ್ಧತಿಯ ದರಗಳನ್ನು ಬದಲಿಸಿ, 12 ಲಕ್ಷದವರೆಗಿನ ಆದಾಯಕ್ಕೆ ಕಲಂ 87ಎ ಅಡಿಯ ರಿಯಾಯಿತಿಯನ್ನು 60,000ಕ್ಕೆ ಏರಿಸಿದ್ದರು. 8,52,000ಕ್ಕೆ ದರದ ಪ್ರಕಾರ ತೆರಿಗೆ 25,200. ರಿಯಾಯಿತಿಯಲ್ಲಿ ಅದು ಪೂರ್ತಿ ಮನ್ನಾ. ಕಟ್ಟಬೇಕಾದ ತೆರಿಗೆ ಸೊನ್ನೆ.

ಪರಿಹಾರದ ಮೊತ್ತ ಮಾತ್ರ ಬದಲಾಗುವುದಿಲ್ಲ. ಮಾರ್ಚ್ 31ಕ್ಕೂ ಏಪ್ರಿಲ್ 30ಕ್ಕೂ ಪೂರ್ಣಗೊಂಡ ಸೇವೆ 26 ವರ್ಷವೇ, ಉಳಿದ ಪೂರ್ಣ ವರ್ಷ ಆರೇ, ಗ್ರಾಚ್ಯುಟಿಗೆ 27 ವರ್ಷವೇ. ತೆರಿಗೆ ಉಳಿಯುವುದರ ಜೊತೆಗೆ ಇನ್ನೊಂದು ತಿಂಗಳ ಸಂಬಳವೂ ಕೈಗೆ ಬರುತ್ತದೆ. ದಿನಾಂಕ ಒಂದರಿಂದಲೇ 1,25,424 ಮತ್ತು 44,120 ಸೇರಿ 1,69,544 ರೂಪಾಯಿಯ ಲಾಭ.

"ಮಾರ್ಚ್ 31ಕ್ಕೇ ಬಿಟ್ಟು, ಹಣವನ್ನು ಮೇ ತಿಂಗಳಲ್ಲಿ ಪಡೆದರೆ ಸಾಲದೇ ಸಾರ್?" ಎಂದು ಅವರು ಕೇಳಿದರು. ಇದು ಬಹಳ ಜನರ ತಲೆಯಲ್ಲಿರುವ ಯೋಚನೆ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಸಂಬಳದ ವರ್ಗಕ್ಕೆ ಸೇರುವ ಹಣಕ್ಕೆ ತೆರಿಗೆ ಬೀಳುವುದು ಅದು ಕೊಡಬೇಕಾದ ದಿನ ಅಥವಾ ಕೈಗೆ ಬಂದ ದಿನ, ಇವೆರಡರಲ್ಲಿ ಯಾವುದು ಮೊದಲೋ ಆ ವರ್ಷದಲ್ಲಿ. ಬಿಡುಗಡೆಯ ದಿನವೇ ಪರಿಹಾರ ಕೊಡಬೇಕಾದ ದಿನ ಎಂದು ಈ ಯೋಜನೆ ಹೇಳುತ್ತಿತ್ತು. ಚೆಕ್ ತಡವಾದ ಮಾತ್ರಕ್ಕೆ ವರ್ಷ ಬದಲಾಗುವುದಿಲ್ಲ.

ಹಾಗಾದರೆ ಬಿಡುಗಡೆ ದಿನಾಂಕವನ್ನೇ ಬದಲಿಸಬೇಕು. ಯೋಜನೆಯ ದಾಖಲೆಯನ್ನು ಮತ್ತೆ ತಿರುವಿದಾಗ ಒಂದು ಸಾಲು ಸಿಕ್ಕಿತು: ಉತ್ಪಾದನೆಯ ಅಗತ್ಯಕ್ಕೆ ತಕ್ಕಂತೆ ಬಿಡುಗಡೆಯನ್ನು ಏಪ್ರಿಲ್ 30ರವರೆಗೆ ಮುಂದೂಡಬಹುದು. ಇವರು ನಡೆಸುತ್ತಿದ್ದ ಯಂತ್ರದಲ್ಲಿ ಒಂದು ರಫ್ತು ಆದೇಶದ ಕೆಲಸ ಅರ್ಧಕ್ಕೆ ನಿಂತಿತ್ತು. ಅದನ್ನು ಮುಗಿಸಿಕೊಟ್ಟು ಹೋಗುತ್ತೇನೆ, ಏಪ್ರಿಲ್ 30ಕ್ಕೆ ಬಿಡುಗಡೆ ಮಾಡಿ ಎಂದು ಅರ್ಧ ಪುಟದ ಕೋರಿಕೆ ಬರೆದುಕೊಟ್ಟರು. ಸಿಬ್ಬಂದಿ ವಿಭಾಗದ ಸ್ವೀಕೃತಿ ಮುದ್ರೆ ಹಾಕಿಸಿಕೊಂಡ ಪ್ರತಿಯನ್ನು ಇಟ್ಟುಕೊಳ್ಳಿ ಎಂದು ನಾನು ಹೇಳಿದ್ದೆ. ನಾಲ್ಕು ದಿನದಲ್ಲಿ ಒಪ್ಪಿಗೆ ಬಂತು. ಕೇಳಿದ್ದಕ್ಕೆ ಸಿಕ್ಕಿತು, ಕೇಳದೆ ಇದ್ದವರ ಅರ್ಜಿಯಲ್ಲಿ ಅಚ್ಚಾಗಿದ್ದ ದಿನಾಂಕವೇ ಉಳಿಯಿತು.

ಎರಡನೆಯ ಕಾಗದ

ಏಪ್ರಿಲ್ ಮೂರನೆಯ ವಾರ ಅಂತಿಮ ಲೆಕ್ಕದ ಕರಡು ಬಂತು. ಅದರಲ್ಲಿ ತೆರಿಗೆ ಕಡಿತ 92,196 ಎಂದಿತ್ತು. ಅವರ ಮುಖ ಬಾಡಿತು. ಸೊನ್ನೆ ಎಂದು ಹೇಳಿದವನು ನಾನಲ್ಲವೇ?

ಸಂಖ್ಯೆಯನ್ನು ಹಿಂದಕ್ಕೆ ಬಿಡಿಸುತ್ತಾ ಹೋದೆ. 92,196ರಲ್ಲಿ ಸೆಸ್ ತೆಗೆದರೆ 88,650. ಇದು 13,91,000 ಆದಾಯಕ್ಕೆ ಬರುವ ತೆರಿಗೆ. 13,91,000ಕ್ಕೆ 75,000 ಸೇರಿಸಿ 8,78,000 ಕಳೆದರೆ 5,88,000. ಅಲ್ಲಿಗೆ ಗುಟ್ಟು ಬಯಲಾಯಿತು: 49,000ದ ಹನ್ನೆರಡು ಪಟ್ಟು. ಸಂಬಳದ ತಂತ್ರಾಂಶ ಎಂದಿನಂತೆ ವರ್ಷವಿಡೀ ಸಂಬಳ ಬರುತ್ತದೆ ಎಂದು ಅಂದಾಜಿಸಿ, ಏಪ್ರಿಲ್ ಕೊನೆಗೆ ಕೆಲಸವೇ ಇಲ್ಲದವರ ಹೆಸರಿನಲ್ಲಿ ಮುಂದಿನ ಮಾರ್ಚ್‌ವರೆಗಿನ ಸಂಬಳವನ್ನೂ ಸೇರಿಸಿತ್ತು. ಲೆಕ್ಕ ವಿಭಾಗದವರು ದುರುದ್ದೇಶದಿಂದ ಮಾಡಿದ್ದಲ್ಲ, ಸಂಬಳದ ಕೊನೆಯ ದಿನವನ್ನು ತಂತ್ರಾಂಶದಲ್ಲಿ ನಮೂದಿಸಿರಲಿಲ್ಲ ಅಷ್ಟೆ. ಈ ಬಿಡಿಸಿದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಅವರು ತೆಗೆದುಕೊಂಡು ಹೋಗಿ ತೋರಿಸಿದರು, ಕಡಿತ ಸೊನ್ನೆಯಾಯಿತು. ಕಡಿತವಾಗಿಬಿಟ್ಟಿದ್ದರೂ ಹಣವೇನೂ ಮುಳುಗುತ್ತಿರಲಿಲ್ಲ, ರಿಟರ್ನ್ ಸಲ್ಲಿಸಿ ಮರಳಿ ಪಡೆಯಬಹುದಿತ್ತು. ಆದರೆ ಅದು ಮುಂದಿನ ವರ್ಷದ ಮಾತು. ಕೆಲಸ ಬಿಟ್ಟ ಮನೆಗೆ ತೊಂಬತ್ತು ಸಾವಿರ ರೂಪಾಯಿ ಆ ತಿಂಗಳೇ ಬೇಕಿರುತ್ತದೆ.

ಪಿಎಫ್ ಹಣವನ್ನು ತೆಗೆಯಲಿಲ್ಲ. ಅದನ್ನು ಬಿಟ್ಟು ಕೊನೆಗೆ ಖಾತೆಗೆ ಬಂದದ್ದು ಹೀಗೆ:

ಸ್ವಯಂ ನಿವೃತ್ತಿ ಪರಿಹಾರ: 13,78,000
ಗ್ರಾಚ್ಯುಟಿ: 6,07,500
ರಜೆ ನಗದೀಕರಣ: 2,08,000
ಏಪ್ರಿಲ್ ಸಂಬಳ, ಪಿಎಫ್ ಮತ್ತು ವೃತ್ತಿ ತೆರಿಗೆ ಕಳೆದು: 44,120
ಆದಾಯ ತೆರಿಗೆ: 0
ನೌಕರರ ಪತ್ತಿನ ಸಹಕಾರ ಸಂಘದ ಸಾಲದ ಬಾಕಿ: ಕಳೆ 1,85,000
ಹಬ್ಬದ ಮುಂಗಡದ ಬಾಕಿ: ಕಳೆ 6,000
ಕೈಗೆ: 20,46,620

ಸೊಸೈಟಿ ಸಾಲದ ವಿಷಯ ಪತ್ರದಲ್ಲಿ ಎಲ್ಲೂ ಇರಲಿಲ್ಲ. ತಿಂಗಳ ಕಂತು ಸಂಬಳದಲ್ಲಿ ಮುರಿಯುತ್ತಿದ್ದುದರಿಂದ ಅವರ ಮನಸ್ಸಿನಲ್ಲೂ ಅದು ಸಾಲವಾಗಿ ಉಳಿದಿರಲಿಲ್ಲ. ಕೆಲಸ ಬಿಡುವಾಗ ಬಾಕಿಯೆಲ್ಲ ಒಂದೇ ಏಟಿಗೆ ಕಡಿತವಾಗುತ್ತದೆ. ಸಹಿ ಹಾಕುವ ಮೊದಲೇ ಸೊಸೈಟಿಯಿಂದ ಬಾಕಿಯ ಪತ್ರ ತರಿಸಿಕೊಂಡಿದ್ದರಿಂದ ಅವರಿಗೆ ಅದು ಆಘಾತವಾಗಲಿಲ್ಲ.

ಬೆಲೆ ಸರಿಯೇ?

ತೆರಿಗೆ ಉಳಿಯಿತು ಎಂದ ಮಾತ್ರಕ್ಕೆ ನಿರ್ಧಾರ ಸರಿ ಎಂದಾಗುವುದಿಲ್ಲ. 13,78,000ವನ್ನು ಅವರ ಕೈಸಂಬಳ 44,120ರಿಂದ ಭಾಗಿಸಿದರೆ ಸುಮಾರು 31 ತಿಂಗಳು. ಅವರು ಬಿಟ್ಟುಕೊಟ್ಟದ್ದು 74 ತಿಂಗಳ ನೌಕರಿ. ಸಂಬಳ ಒಂದು ರೂಪಾಯಿಯೂ ಏರುವುದಿಲ್ಲ ಎಂದುಕೊಂಡರೂ ಉಳಿದ 43 ತಿಂಗಳ ಸಂಸಾರವನ್ನು ಬೇರೆ ದುಡಿಮೆಯಿಂದಲೇ ತೂಗಿಸಬೇಕು. ವರ್ಷಕ್ಕೆ 22,500ರಂತೆ ಬೆಳೆಯಬೇಕಿದ್ದ ಗ್ರಾಚ್ಯುಟಿ ಅಲ್ಲಿಗೇ ನಿಂತಿತು, ಪಿಎಫ್‌ಗೆ ಮಾಲೀಕರ ಪಾಲೂ ನಿಂತಿತು, ಕುಟುಂಬಕ್ಕಿದ್ದ ಗುಂಪು ಆರೋಗ್ಯ ವಿಮೆಯೂ ಏಪ್ರಿಲ್ 30ಕ್ಕೆ ಕೊನೆಯಾಯಿತು. ವಿಮೆಯ ವಿಷಯವನ್ನು ಅವರ ಹೆಂಡತಿ ಬಿಟ್ಟರೆ ಬೇರೆ ಯಾರೂ ಕೇಳಿರಲಿಲ್ಲ.

ಇನ್ನೊಂದು ಬದಿಯನ್ನೂ ನೋಡಬೇಕು. ಆಗ ಜಾರಿಯಲ್ಲಿದ್ದ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ಕಾರ್ಖಾನೆ ತಾನಾಗಿ ಕೆಲಸದಿಂದ ತೆಗೆದಿದ್ದರೆ ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನ, ಇವರ ಲೆಕ್ಕದಲ್ಲಿ ಆರೂವರೆಯಿಂದ ಏಳೂವರೆ ಲಕ್ಷದ ಆಸುಪಾಸು. ಸ್ವಯಂ ನಿವೃತ್ತಿಯ ಮೊತ್ತ ಅದರ ಸುಮಾರು ಎರಡರಷ್ಟು. ಎರಡು ವರ್ಷದಿಂದ ಆ ವಿಭಾಗದಲ್ಲಿ ಪಾಳಿ ಕಡಿಮೆಯಾಗುತ್ತಾ ಬಂದಿತ್ತು. ಇದನ್ನೆಲ್ಲ ತೂಗಿ ಅವರು ಬಿಡುವ ನಿರ್ಧಾರ ಮಾಡಿದರು. ನಿರ್ಧಾರ ಅವರದು, ನಾನು ಕಣ್ಣಿಗೆ ಕಾಣುವಂತೆ ಸಂಖ್ಯೆ ಇಟ್ಟೆ. ಸಹಿ ಹಾಕಿದ್ದು ಮಾತ್ರ 31 ತಿಂಗಳ ಸಂಬಳಕ್ಕೆ ಎಂಬುದು ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು, ಮೂವತ್ತೊಂದು ಲಕ್ಷಕ್ಕೆ ಅಲ್ಲ.

ಹನ್ನೆರಡು ಲಕ್ಷದ ಗೆರೆ

ತೆರಿಗೆ ಸೊನ್ನೆ ಎಂಬುದು ಏಪ್ರಿಲ್ 30ರ ಚಿತ್ರ. ವರ್ಷದ ಉಳಿದ ಹನ್ನೊಂದು ತಿಂಗಳ ಆದಾಯವೂ ಅದಕ್ಕೆ ಸೇರುತ್ತದೆ. 8,52,000ಕ್ಕೂ 12,00,000ಕ್ಕೂ ನಡುವೆ ಇದ್ದ ಜಾಗ 3,48,000. ಅದನ್ನು ದಾಟಿದರೆ ರಿಯಾಯಿತಿ ಕೈಬಿಡುತ್ತದೆ. ದಾಟಿದ್ದು ಸ್ವಲ್ಪವೇ ಆದರೆ, ದಾಟಿದ ಮೊತ್ತಕ್ಕಿಂತ ತೆರಿಗೆ ಹೆಚ್ಚಾಗದಂತೆ ಕಾನೂನು ತಡೆಯುತ್ತದೆ. ಆದರೆ ದಾಟಿದ್ದೆಲ್ಲ ತೆರಿಗೆಗೇ ಹೋಗುತ್ತದೆ. ಉದಾಹರಣೆಗೆ ಆದಾಯ 12,42,000 ಆದರೆ ಮೇಲಿನ 42,000 ಮತ್ತು ಅದರ ಸೆಸ್ 1,680 ಎರಡೂ ಸರ್ಕಾರಕ್ಕೆ. ಮೈಮುರಿದು ದುಡಿದ ಸಂಬಳ ಹಾಗೆ ಹೋಗಬಾರದು.

ಹದಿನೈದು ಲಕ್ಷವನ್ನು ಗಂಡ ಹೆಂಡತಿಯ ಜಂಟಿ ಹೆಸರಿನಲ್ಲಿ ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಇಟ್ಟರು. ಶೇ 7.4ರ ದರದಲ್ಲಿ ತಿಂಗಳಿಗೆ 9,250 ಬರುತ್ತದೆ. ಹಣವೆಲ್ಲ ಗಂಡನ ಸಂಪಾದನೆಯಾದ್ದರಿಂದ ಬಡ್ಡಿಯನ್ನೂ ಅವರ ಆದಾಯಕ್ಕೇ ಸೇರಿಸಿ, ಆ ವರ್ಷಕ್ಕೆ ಹತ್ತು ತಿಂಗಳೆಂದು 92,500 ಹಿಡಿದೆ. ಒಬ್ಬ ಏಜೆಂಟ್ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಶೇ 8.2ರ ಬಡ್ಡಿ ಕೊಡಿಸುತ್ತೇನೆ ಎಂದು ಬಂದಿದ್ದರು. ಸ್ವಯಂ ನಿವೃತ್ತರಿಗೆ ಅದು ತೆರೆಯುವುದು 55ನೆಯ ವಯಸ್ಸಿಗೆ. ಇವರಿಗೆ ಆಗ 51. ಮಾತು ಅಲ್ಲಿಗೇ ನಿಂತಿತು.

ಜುಲೈನಿಂದ ಹಿರೇಹಳ್ಳಿಯ ಒಂದು ಸಣ್ಣ ಕಾರ್ಯಾಗಾರದಲ್ಲಿ ತಿಂಗಳಿಗೆ 24,000ಕ್ಕೆ ಸೇರಿದರು. ಒಂಬತ್ತು ತಿಂಗಳಿಗೆ 2,16,000. ಅಂಚೆ ಬಡ್ಡಿ ಸೇರಿ 3,08,500. ಒಟ್ಟು ಆದಾಯ 11,60,500, ಗೆರೆಯ ಒಳಗೇ. ಹೊಸ ಜಾಗದಲ್ಲೂ ಪಿಎಫ್ ಇದ್ದುದರಿಂದ ಹಳೆಯ ಪಿಎಫ್ ಹಣವನ್ನು ತೆಗೆಯದೆ ಅದೇ ಯುಎಎನ್ (ನೌಕರಿ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ಅಡಿ ವರ್ಗಾಯಿಸಿಕೊಂಡರು. 2024-25ಕ್ಕೆ ಪಿಎಫ್ ಬಡ್ಡಿ ಶೇ 8.25, ಅಷ್ಟು ಕೊಡುವ ಸುರಕ್ಷಿತ ಜಾಗ ಬೇರೆ ಎಲ್ಲಿದೆ? ಕೆಲಸವಿಲ್ಲದ ಅವಧಿಯಲ್ಲಿ ಖಾತೆಗೆ ಸೇರುವ ಬಡ್ಡಿಗೆ ತೆರಿಗೆ ಉಂಟು. ಮೇ, ಜೂನ್ ಎರಡು ತಿಂಗಳ ಬಡ್ಡಿಯನ್ನು ಸೇರಿಸಿದರೂ 12 ಲಕ್ಷ ಮುಟ್ಟುವುದಿಲ್ಲ ಎಂದು ನೋಡಿಕೊಂಡೆವು. ಪಿಎಫ್ ಜೊತೆಗಿರುವ ನೌಕರರ ಪಿಂಚಣಿಯನ್ನು ಈಗಲೇ ಕೇಳಬೇಡಿ ಎಂದೂ ಹೇಳಿದೆ. 58ಕ್ಕಿಂತ ಮೊದಲು ಪಡೆದರೆ ಕಡಿಮೆಯಾದ ಪ್ರತಿ ವರ್ಷಕ್ಕೆ ಶೇ 4ರಂತೆ ಇಳಿಯುತ್ತದೆ, ಆ ಇಳಿಕೆ ಜೀವನಪೂರ್ತಿ.

ಈ ಲೆಕ್ಕವೆಲ್ಲ 2025ರ ಏಪ್ರಿಲ್‌ಗೆ ಸರಿ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ವೇತನದ ವ್ಯಾಖ್ಯೆ ಬದಲಾಗಿದೆ. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಹೊಸ ಆದಾಯ ತೆರಿಗೆ ಕಾಯ್ದೆಯೂ ಬಂದಿದ್ದು, ಕಲಂಗಳ ಸಂಖ್ಯೆ ಬೇರೆಯಾಗುತ್ತದೆ. ಆಮೇಲೆ ಬಿಡುವವರು ಆಗಿನ ಸಂಖ್ಯೆಗಳನ್ನು ಹಾಕಿಯೇ ನೋಡಬೇಕು.

ಅದೇ ವಿಭಾಗದಿಂದ ಮಾರ್ಚ್ 31ಕ್ಕೇ ಬಿಡುಗಡೆಯಾದ ಇನ್ನೊಬ್ಬರು ಜೂನ್‌ನಲ್ಲಿ ಫಾರಂ 16 (ಸಂಬಳ ಮತ್ತು ತೆರಿಗೆ ಕಡಿತಕ್ಕೆ ಕಾರ್ಖಾನೆ ಕೊಡುವ ಪ್ರಮಾಣಪತ್ರ) ಹಿಡಿದು ಬಂದರು. ಬಿಡುಗಡೆ ದಿನಾಂಕವನ್ನು ಇನ್ನು ಬದಲಿಸುವಂತಿರಲಿಲ್ಲ. 5 ಲಕ್ಷದ ವಿನಾಯಿತಿಯನ್ನು ಬಿಟ್ಟು, ಒಂದೇ ವರ್ಷದಲ್ಲಿ ಒಟ್ಟಿಗೆ ಬಂದ ಹಣದ ತೆರಿಗೆ ಹೊರೆ ತಗ್ಗಿಸುವ ಕಲಂ 89ರ ತೆರಿಗೆ ರಿಯಾಯಿತಿ ಕೇಳುವ ದಾರಿ ಇತ್ತು, ಎರಡನ್ನೂ ಒಟ್ಟಿಗೆ ಕೇಳುವಂತಿರಲಿಲ್ಲ. ಅವರ ಸಂಖ್ಯೆಗಳನ್ನು ಎರಡೂ ರೀತಿ ಹಾಕಿ ನೋಡಿದಾಗ ವಿನಾಯಿತಿಯೇ ಮೇಲಾಗಿತ್ತು. ಫಾರಂನಲ್ಲಿ ಆ 5 ಲಕ್ಷ ಬಿಟ್ಟುಹೋಗಿತ್ತು. ರಿಟರ್ನ್‌ನಲ್ಲಿ ಅದನ್ನು ಸೇರಿಸಿ, ಹೆಚ್ಚುವರಿಯಾಗಿ ಕಡಿತವಾಗಿದ್ದ ತೆರಿಗೆಯನ್ನು ಮರಳಿ ಕೇಳಿದೆವು.